‘ಫೈಲ್ ಸಿಗ್ನೇಚರ್’ಗೆ ‘ಸಹಿ’ ಸಲ್ಲುವುದೇ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ನಾನು ಶಿವಮೊಗ್ಗದಲ್ಲಿದ್ದುಕೊಂಡು, ವಕೀಲರಿಗೂ ತರಬೇತಿ ನಡೆಸುವವರಿಗೂ ಬೇಕಾದ ಕಾಗದಪತ್ರಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸ ಮಾಡುತ್ತೇನೆ. ಈ ಬಾರಿ ಕೈಗೆ ಬಂದಿರುವುದು ನಲವತ್ತು ಪುಟಗಳ ಒಂದು ಕೈಪಿಡಿ. ಜಪ್ತಿಯಾದ ಕಂಪ್ಯೂಟರು, ಮೊಬೈಲು, ಪೆನ್‌ಡ್ರೈವುಗಳಲ್ಲಿ ಸಿಗುವ ಸಾವಿರಾರು ಫೈಲುಗಳ ಪೈಕಿ ಯಾವುದು ಚಿತ್ರ, ಚಿತ್ರವಾದರೆ ಯಾವ ಬಗೆಯದು ಎಂಬುದನ್ನು ಪರೀಕ್ಷಕರು ಹೇಗೆ ಗುರುತಿಸುತ್ತಾರೆ ಎಂದು ತಾಲ್ಲೂಕು ನ್ಯಾಯಾಲಯಗಳಲ್ಲಿ ವಾದ ಮಾಡುವವರಿಗೆ ತಿಳಿಸುವುದು ಅದರ ಉದ್ದೇಶ. ವಿಷಯ ಅಷ್ಟೇನೂ ಕಠಿಣವಲ್ಲ. ಕಠಿಣವಾದದ್ದು ಪದಗಳು, ಅದರಲ್ಲೂ ‘ಫೈಲ್ ಸಿಗ್ನೇಚರ್’ ಎಂಬ ಒಂದು ಪದ. ಫೈಲು ಯಾವ ಬಗೆಯದೆಂದು ತಿಳಿಸುವ, ಅದರ ಆರಂಭದಲ್ಲಿರುವ ಕೆಲವು ಬೈಟುಗಳಿಗೆ ಇರುವ ಹೆಸರು ಇದು. ಅದರ ಸುತ್ತ ಎರಡು ವಾರದಿಂದ ತಿರುಗುತ್ತಿದ್ದೇನೆ. ನನಗೆ ತೋಚಿದ್ದನ್ನು ತಮ್ಮ ಮುಂದಿಟ್ಟು, ತಮ್ಮ ಅಭಿಪ್ರಾಯ ಕೇಳುವುದಕ್ಕಾಗಿ ಈ ಪತ್ರ.

ಮೊದಲ ಕರಡಿನಲ್ಲಿ ನಾನು ‘ಕಡತದ ಸಹಿ’ ಎಂದೇ ಬರೆದಿದ್ದೆ. ಸಿಗ್ನೇಚರ್ ಎಂದರೆ ಸಹಿ, ಅದರಲ್ಲೇನು ಯೋಚಿಸುವುದು ಎಂದುಕೊಂಡಿದ್ದೆ. ಕರಡನ್ನು ಓದಿ ನೋಡಲು ಏಳೆಂಟು ವಕೀಲರು ಸೇರಿದ್ದ ಒಂದು ಮಧ್ಯಾಹ್ನ, ತರಬೇತಿ ಕೊಡುವವರು ತಮ್ಮ ಲ್ಯಾಪ್‌ಟಾಪಿನಲ್ಲಿ ಒಂದು ಪ್ರಯೋಗ ತೋರಿಸಿದರು. ಹಿಂದಿನ ವಾರದ ಮಳೆಯಲ್ಲಿ ತುಂಗೆ ಸೇತುವೆಯ ಕಂಬದವರೆಗೆ ಏರಿದ್ದಾಗ ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಅವರಲ್ಲಿತ್ತು. ಅದರ ಹೆಸರಿನ ಕೊನೆಯಲ್ಲಿದ್ದ ‘ಡಾಟ್ ಜೆಪಿಜಿ’ ಅಳಿಸಿ ‘ಡಾಟ್ ಟಿಎಕ್ಸ್‌ಟಿ’ ಎಂದು ಬರೆದರು. ಚುಕ್ಕಿಗಿಂತ ಮೊದಲಿನ ಭಾಗಕ್ಕೆ ‘ಲೆಕ್ಕ’ ಎಂದು ಹೆಸರಿಟ್ಟರು. ಪರದೆಯ ಮೇಲಿದ್ದ ಪುಟ್ಟ ಚಿತ್ರ ತಟ್ಟನೆ ಮಾಯವಾಗಿ ಅಲ್ಲಿ ಗೆರೆ ಎಳೆದ ಕಾಗದದ ಗುರುತು ಬಂತು. ಎರಡು ಸಲ ಒತ್ತಿದರೆ ತೆರೆದುಕೊಂಡದ್ದು ಅರ್ಥವಿಲ್ಲದ ಅಕ್ಷರಗಳ ಸಂತೆ. ಆಮೇಲೆ ಅದೇ ಫೈಲನ್ನು ಬೈಟುಗಳನ್ನು ಬಿಡಿಬಿಡಿಯಾಗಿ ತೋರಿಸುವ ತಂತ್ರಾಂಶದಲ್ಲಿ ತೆರೆದರು. ಎಡಗಡೆ ಅಂಕಿಗಳ ಸಾಲು, ಬಲಗಡೆ ಆ ಅಂಕಿಗಳಿಗೆ ಹೊಂದುವ ಅಕ್ಷರಗಳು. ಮೊದಲ ಸಾಲಿನ ಆರಂಭದ ಮೂರು ಬೈಟುಗಳ ಮೇಲೆ ಬೆರಳಿಟ್ಟು, ‘ನೋಡಿ, ಕಡತದ ಸಹಿ ಇಲ್ಲಿದೆ, ಹೆಸರು ಏನೇ ಇರಲಿ, ಇದು ಜೆಪೆಗ್ ಚಿತ್ರ’ ಎಂದು ನನ್ನ ಕರಡಿನ ಮಾತನ್ನೇ ಹೇಳಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯ ವಕೀಲರೊಬ್ಬರು ಕನ್ನಡಕ ಸರಿಮಾಡಿಕೊಂಡು ಕೇಳಿದರು: ‘ಸಹಿ ಯಾರದ್ದು, ಸ್ವಾಮಿ? ಫೋಟೋ ತೆಗೆದವನದ್ದೋ, ಮೊಬೈಲಿನ ಮಾಲೀಕನದ್ದೋ?’

ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ, ಏಕೆಂದರೆ ತಪ್ಪು ನನ್ನದು. ಕನ್ನಡದಲ್ಲಿ ಸಹಿ ಎಂದ ಕೂಡಲೇ ಅದನ್ನು ಹಾಕಿದ ಒಬ್ಬ ಮನುಷ್ಯ, ಅವನ ಒಪ್ಪಿಗೆ, ಅವನ ಹೊಣೆ ಮೂರೂ ಒಟ್ಟಿಗೆ ನೆನಪಿಗೆ ಬರುತ್ತವೆ. ಕೋರ್ಟಿನ ಮಂದಿಗಂತೂ ಸಹಿ ಎಂದರೆ ಮೊದಲು ಏಳುವ ಪ್ರಶ್ನೆಯೇ ‘ಅದು ನಿಮ್ಮದೇನು?’ ಎಂಬುದು. ಫೈಲಿನ ಮೊದಲ ಬೈಟುಗಳಿಗೂ ಈ ಮೂರಕ್ಕೂ ಯಾವ ಸಂಬಂಧವೂ ಇಲ್ಲ. ಅದು ಸಾಲದೆಂಬಂತೆ, 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಿಂದಾಗಿ ‘ಡಿಜಿಟಲ್ ಸಹಿ’ ಎಂಬ ಮಾತು ಬೇರೆಯದೇ ಅರ್ಥದಲ್ಲಿ ಬಳಕೆಗೆ ಬಂದಿದೆ. ಅದು ನಿಜಕ್ಕೂ ಒಬ್ಬ ವ್ಯಕ್ತಿಯನ್ನು ಒಂದು ದಾಖಲೆಗೆ ಕಟ್ಟಿಹಾಕುವ ವ್ಯವಸ್ಥೆ. ಒಂದೇ ವರದಿಯಲ್ಲಿ ಕಡತದ ಸಹಿಯೂ ಡಿಜಿಟಲ್ ಸಹಿಯೂ ಬಂದರೆ ಓದುವವರು ಎರಡನ್ನೂ ಒಂದೇ ಎಂದು ತಿಳಿದರೆ ಅವರನ್ನು ದೂರುವಂತಿಲ್ಲ. ಆದ್ದರಿಂದ ‘ಸಹಿ’ಯನ್ನು ಕೈಬಿಟ್ಟೆ. ಅದರ ಜಾಗಕ್ಕೆ ಏನನ್ನು ತರಬೇಕು ಎಂಬುದೇ ಈಗ ಉಳಿದಿರುವ ಪ್ರಶ್ನೆ.

ಪದ ಹುಡುಕುವ ಮೊದಲು ವಸ್ತು ಏನೆಂದು ಸರಿಯಾಗಿ ನೋಡಬೇಕು. ಒಂದು ಫೈಲೆಂದರೆ ಬೈಟುಗಳ ಸಾಲು. ಪ್ರತಿ ಬೈಟೂ 0ಯಿಂದ 255ರವರೆಗಿನ ಒಂದು ಸಂಖ್ಯೆ. ಪರೀಕ್ಷಕರು ಇವನ್ನು ಹದಿನಾರರ ಲೆಕ್ಕದಲ್ಲಿ ಬರೆಯುತ್ತಾರೆ. ಹದಿನಾರಾಣೆಯ ರೂಪಾಯಿ ಕಂಡ ಹಿರಿಯರಿಗೆ ಹದಿನಾರರ ಲೆಕ್ಕ ಹೊಸದೇನಲ್ಲ, ಆದರೆ ಅಂಕಿಗಳ ನಡುವೆ ಇಂಗ್ಲಿಷ್ ಅಕ್ಷರಗಳು ನುಗ್ಗಿ ಕನ್ನಡ ಪುಟದಲ್ಲಿ ಅದು ಕಣ್ಣಿಗೆ ಒರಟಾಗಿ ಕಾಣುತ್ತದೆ. ಹೀಗಾಗಿ ಕೈಪಿಡಿಯಲ್ಲಿ ನಾನು ಎಲ್ಲವನ್ನೂ ನಮ್ಮ ಹತ್ತರ ಲೆಕ್ಕದಲ್ಲೇ ಕೊಡುತ್ತಿದ್ದೇನೆ. ಜೆಪೆಗ್ ಚಿತ್ರ ಯಾವಾಗಲೂ 255, 216, 255 ಎಂದು ಶುರುವಾಗುತ್ತದೆ. ನಾಲ್ಕನೆಯ ಬೈಟು 224 ಇದ್ದರೆ ಸಾಮಾನ್ಯವಾಗಿ ಏಳನೆಯ ಬೈಟಿನಿಂದ ‘ಜೆಎಫ್‌ಐಎಫ್’ ಎಂಬ ನಾಲ್ಕು ಅಕ್ಷರಗಳೂ, 225 ಇದ್ದರೆ ‘ಎಕ್ಸಿಫ್’ ಎಂಬ ಅಕ್ಷರಗಳೂ ಕಾಣಿಸುತ್ತವೆ. ಎರಡನೆಯದು ಕ್ಯಾಮೆರಾ, ಮೊಬೈಲುಗಳಿಂದ ನೇರವಾಗಿ ಬಂದ ಚಿತ್ರಗಳಲ್ಲಿ ಹೆಚ್ಚು. ಗಿಫ್ ಚಿತ್ರವಾದರೆ ತನ್ನ ಹೆಸರನ್ನೇ ಅಕ್ಷರಗಳಲ್ಲಿ ಬರೆದುಕೊಂಡು, ಅದರ ಬೆನ್ನಿಗೆ ‘87ಎ’ ಅಥವಾ ‘89ಎ’ ಎಂದು ತಾನು 1987ರ ಆವೃತ್ತಿಯೋ 1989ರದೋ ಎಂಬುದನ್ನೂ ಸೇರಿಸಿಕೊಂಡಿರುತ್ತದೆ. ಬಿಎಂಪಿ ಚಿತ್ರಕ್ಕೆ ‘ಬಿಎಂ’ ಎಂಬ ಎರಡೇ ಅಕ್ಷರ.

ನನಗೆ ಬಹಳ ಹಿಡಿಸಿದ್ದು ಪಿಎನ್‌ಜಿ ಚಿತ್ರದ ಎಂಟು ಬೈಟುಗಳು: 137, 80, 78, 71, 13, 10, 26, 10. ನಡುವಿನ 80, 78, 71 ಎಂಬುವು ‘ಪಿಎನ್‌ಜಿ’ ಎಂಬ ಅಕ್ಷರಗಳೇ. ಉಳಿದ ಐದನ್ನೂ ಯಾರೋ ತಲೆ ಓಡಿಸಿ ಕೂರಿಸಿದ್ದಾರೆ. 127ಕ್ಕಿಂತ ದೊಡ್ಡ ಸಂಖ್ಯೆಗಳನ್ನು ಕತ್ತರಿಸಿ ಹಾಕುವ ಹಳೆಯ ಸಂಪರ್ಕ ವ್ಯವಸ್ಥೆಗಳಲ್ಲಿ ಹಾದುಬಂದರೆ ಮೊದಲ 137 ಕೆಡುತ್ತದೆ. ಸಾಲು ಮುರಿಯುವ ಸಂಕೇತವನ್ನು ಒಂದೊಂದು ಕಂಪ್ಯೂಟರು ಒಂದೊಂದು ಬಗೆಯಲ್ಲಿ ಬದಲಿಸುತ್ತಿದ್ದ ಕಾಲದಲ್ಲಿ ಅಂಥ ಬದಲಾವಣೆಯಾಗಿದ್ದರೆ 13, 10 ಎಂಬ ಜೋಡಿ ಅಥವಾ ಕೊನೆಯ ಒಂಟಿ 10 ಕೆಡುತ್ತದೆ. 26 ಎಂಬುದು, ಕಂಪ್ಯೂಟರು ನಡೆಸುವ ಹಳೆಯ ತಂತ್ರಾಂಶವಾದ ಡಾಸ್ ಕಾಲದ ಪರದೆಯ ಮೇಲೆ ಅರ್ಥವಿಲ್ಲದ ಅಕ್ಷರಗಳು ಸುರಿಯದಂತೆ ಅಲ್ಲಿಗೇ ನಿಲ್ಲಿಸುವ ಸಂಕೇತ. ಅಂದರೆ ಈ ಎಂಟು ಬೈಟುಗಳು ‘ನಾನು ಇಂಥವನು’ ಎಂದು ಹೇಳುವುದರ ಜೊತೆಗೆ ‘ದಾರಿಯಲ್ಲಿ ನನಗೆ ಏಟು ಬಿದ್ದಿಲ್ಲ’ ಎಂದೂ ಹೇಳುತ್ತವೆ. ಇದನ್ನೆಲ್ಲ ಸಹಿ ಎಂಬ ಪದ ಹೇಗೆ ಹೊತ್ತೀತು?

ಈಗ ಪರ್ಯಾಯಗಳು. ಮೊದಲು ನೆನಪಾದದ್ದು ‘ಮುದ್ರೆ’. ಮಲೆನಾಡಿನಲ್ಲಿ ಬೆಳೆದವರಿಗೆ ಅರಣ್ಯ ಇಲಾಖೆಯ ನಾಟಾ ಡಿಪೋ ಗೊತ್ತಿರುತ್ತದೆ. ಅಲ್ಲಿ ಕಡಿದ ದಿಮ್ಮಿಯ ತುದಿಗೆ ಸುತ್ತಿಗೆಯಿಂದ ಹೊಡೆದ ಗುರುತಿರುತ್ತದೆ. ಜನ ಅದನ್ನು ‘ಹ್ಯಾಮರ್’ ಎಂದೇ ಕರೆಯುತ್ತಾರೆ. ತುದಿಯನ್ನು ನೋಡಿದರೆ ಸಾಕು, ದಿಮ್ಮಿಯ ಸಮಾಚಾರ ತಿಳಿಯುತ್ತದೆ ಎಂಬಷ್ಟರ ಮಟ್ಟಿಗೆ ಹೋಲಿಕೆ ಚೆನ್ನಾಗಿದೆ. ಆದರೆ ಹ್ಯಾಮರ್ ಹೊರಗಿನಿಂದ, ಅಧಿಕಾರವುಳ್ಳವರು, ಮರ ಬಿದ್ದ ಮೇಲೆ ಹೊಡೆದದ್ದು. ಫೈಲಿನ ಮೊದಲ ಬೈಟುಗಳು ಫೈಲು ಹುಟ್ಟುವಾಗಲೇ ಅದರೊಳಗೆ ಬಂದವು. ಯಾವ ಅಧಿಕಾರಿಯೂ ಅದನ್ನು ಒತ್ತಿಲ್ಲ. ಮುದ್ರೆ ಎಂದರೆ ಯಾರೋ ಪರಿಶೀಲಿಸಿ ಒತ್ತಿದ್ದು ಎಂಬ ಭಾವ ಬರುತ್ತದೆ. ನ್ಯಾಯಾಲಯಕ್ಕೆ ಹೋಗುವ ಕಾಗದದಲ್ಲಿ ಇಲ್ಲದ ಅಧಿಕಾರವನ್ನು ಪದದ ಮೂಲಕ ಒಳಗೆ ತರುವುದು ಸರಿಯಲ್ಲ ಎನ್ನಿಸಿತು.

ಆಮೇಲೆ ಮನಸ್ಸು ‘ಅಂಕಿತ’ದ ಕಡೆಗೆ ಹೋಯಿತು, ನಿಜ ಹೇಳಬೇಕೆಂದರೆ ಇಂದಿಗೂ ಅಲ್ಲಿಂದ ಪೂರ್ತಿ ಹಿಂತಿರುಗಿಲ್ಲ. ಬಳ್ಳಿಗಾವಿಯ ಅಲ್ಲಮನ ವಚನವನ್ನು ‘ಗುಹೇಶ್ವರ’ ಎಂಬ ಅಂಕಿತದಿಂದ, ಉಡುತಡಿಯ ಅಕ್ಕನ ವಚನವನ್ನು ‘ಚೆನ್ನಮಲ್ಲಿಕಾರ್ಜುನ’ ಎಂಬ ಅಂಕಿತದಿಂದ ಗುರುತಿಸುತ್ತೇವೆ. ಎರಡೂ ಊರುಗಳು ನಮ್ಮ ಶಿಕಾರಿಪುರ ತಾಲ್ಲೂಕಿನವೇ. ಅಂಕಿತ ಕಾಗದದ ಕೆಳಗೆ ಗೀಚಿದ ಸಹಿಯಲ್ಲ. ಪಠ್ಯದ ಒಳಗೇ ನೇಯ್ದ ಗುರುತು. ಓಲೆಯ ಮೇಲಿನ ಹೆಸರು ಅಳಿದುಹೋದರೂ, ಬೇರೊಬ್ಬರ ಕಟ್ಟಿನಲ್ಲಿ ಸೇರಿಹೋದರೂ, ಅಂಕಿತ ಉಳಿದಿದ್ದರೆ ವಚನ ಯಾರದೆಂದು ಹೇಳಬಹುದು. ಫೈಲ್ ಸಿಗ್ನೇಚರಿಗೆ ಇದಕ್ಕಿಂತ ಹತ್ತಿರದ ಪದ ಕನ್ನಡದಲ್ಲಿ ಇಲ್ಲವೆಂದೇ ಒಂದು ರಾತ್ರಿ ತೀರ್ಮಾನಿಸಿ ಮಲಗಿದ್ದೆ. ಬೆಳಗ್ಗೆ ಪತ್ರಿಕೆ ಬಿಡಿಸಿದರೆ ಮಸೂದೆಯೊಂದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿದ್ದ ಸುದ್ದಿ! ಇಂದಿನ ಆಡಳಿತ ಕನ್ನಡದಲ್ಲಿ ಅಂಕಿತವೂ ಸಹಿಯ ಮನೆಗೇ ಸೇರಿಬಿಟ್ಟಿದೆ. ಅದರಲ್ಲೂ ದೊಡ್ಡವರ ಸಹಿ. ಜೊತೆಗೆ ಅಂಕಿತ ‘ಯಾರದು’ ಎಂದು ಹೇಳುತ್ತದೆಯೇ ಹೊರತು ‘ಯಾವ ಬಗೆಯದು’ ಎಂದು ಹೇಳುವುದಿಲ್ಲ; ಬರುವುದೂ ಸಾಮಾನ್ಯವಾಗಿ ಕೊನೆಯಲ್ಲಿ. ನಮಗೆ ಬೇಕಾದದ್ದು ಬಗೆ, ಅದೂ ಆರಂಭದಲ್ಲಿ.

ಆರಂಭದ ಮಾತು ಬಂದಾಗ ಶಾಸನಗಳನ್ನು ಬಲ್ಲ ಗೆಳೆಯರೊಬ್ಬರು ಹೇಳಿದ್ದು ಕಣ್ಣು ತೆರೆಸಿತು. ನಮ್ಮ ಜಿಲ್ಲೆ ಶಾಸನಗಳಿಗೆ ಹೆಸರಾದದ್ದು; ಬಿ.ಎಲ್. ರೈಸರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7 ಮತ್ತು 8ನೆಯ ಸಂಪುಟಗಳೆರಡನ್ನೂ, 1902 ಮತ್ತು 1904ರಲ್ಲಿ, ಈ ಒಂದು ಜಿಲ್ಲೆಗೇ ಮೀಸಲಿಟ್ಟರು. ಗದ್ದೆಯ ಬದುವಿನಲ್ಲಿ ಮುರಿದು ಬಿದ್ದ ಕಲ್ಲಿನ ಮೇಲೆ ‘ನಮಸ್ತುಂಗ ಶಿರಶ್ಚುಂಬಿ’ ಎಂಬಷ್ಟು ಕಂಡರೆ ಸಾಕು, ಇದು ಶೈವ ಪರಂಪರೆಯ ಶಾಸನ ಎಂದೂ, ‘ಶ್ರೀಮತ್ಪರಮಗಂಭೀರ’ ಎಂದಿದ್ದರೆ ಇದು ಜೈನರದು ಎಂದೂ ಬಲ್ಲವರು ಮುಂದಿನ ಸಾಲು ಓದುವ ಮೊದಲೇ ಹೇಳುತ್ತಾರೆ. ಕೊನೆಯಲ್ಲಿ ‘ಮಂಗಳ ಮಹಾ ಶ್ರೀ’ ಬಂದರೆ ಶಾಸನ ಅಲ್ಲಿಗೆ ಮುಗಿಯಿತೆಂದು ತಿಳಿಯುತ್ತಾರೆ. ಜೆಪೆಗ್ ಫೈಲಿನದೂ ಇದೇ ಕ್ರಮ: ಮೊದಲಿಗೆ 255, 216, ಕೊನೆಗೆ 255, 217. ಪಿಎನ್‌ಜಿಯ ಕೊನೆಯಲ್ಲಂತೂ ‘ಐಎಂಡ್’ ಎಂದು ಓದಿಕೊಳ್ಳಬಹುದಾದ ನಾಲ್ಕು ಅಕ್ಷರಗಳೇ ಇರುತ್ತವೆ. ‘ಮಂಗಳಪದ್ಯ’ ಎಂದಾಗಲಿ ‘ನಾಂದಿ’ ಎಂದಾಗಲಿ ಫೈಲಿಗೆ ಹೆಸರಿಡಲು ಹೋಗುವಷ್ಟು ಧೈರ್ಯ ನನಗಿಲ್ಲ. ಆದರೆ ಕೈಪಿಡಿಯಲ್ಲಿ ವಿವರಣೆಗಾಗಿ ಈ ಹೋಲಿಕೆಯನ್ನು ಇಟ್ಟಿದ್ದೇನೆ, ಮತ್ತು ಇದರಿಂದಲೇ ‘ತಲೆಗುರುತು’, ‘ಕೊನೆಗುರುತು’ ಎಂಬ ಜೋಡಿ ಹೊಳೆಯಿತು.

‘ತಲೆಗುರುತು’ ಎಂಬುದರಲ್ಲಿ ನನಗೆ ಮುಖ್ಯವಾದದ್ದು ‘ಗುರುತು’. ಗುರುತು ಒಂದು ಸುಳಿವು ಮಾತ್ರ. ಗುರುತು ತಪ್ಪಬಹುದು, ಗುರುತನ್ನು ಮರೆಮಾಚಬಹುದು, ಗುರುತು ಹಿಡಿದವನು ಎಡವಬಹುದು. ಮುದ್ರೆ, ಅಂಕಿತ, ಸಹಿಗಳಿಗೆ ಈ ವಿನಯ ಇಲ್ಲ. ಫೈಲಿನ ವಿಷಯದಲ್ಲಿ ಈ ವಿನಯ ತೀರ ಅಗತ್ಯ. ಮೊದಲ ಬೈಟುಗಳನ್ನು ಬೇಕೆಂದೇ ತಿದ್ದಿ ಚಿತ್ರವನ್ನು ಚಿತ್ರವಲ್ಲವೆಂದು ತೋರಿಸಬಹುದು. ‘ಬಿಎಂ’ ಎಂಬ ಎರಡಕ್ಷರದಿಂದ ಶುರುವಾಗುವ ಒಂದು ಸಾಧಾರಣ ಬರಹವನ್ನು ತಂತ್ರಾಂಶ ಬಿಎಂಪಿ ಚಿತ್ರವೆಂದು ಎಣಿಸಬಹುದು. ಇನ್ನು ಕೆಲವು ಕಡೆ ಗುರುತು ಮನೆತನವನ್ನು ಹೇಳುತ್ತದೆಯೇ ಹೊರತು ಆಸಾಮಿಯನ್ನಲ್ಲ. ವೆಬ್‌ಪಿ ಚಿತ್ರ ‘ರಿಫ್’ ಎಂಬ ಅಕ್ಷರಗಳಿಂದ ಶುರುವಾಗುತ್ತದೆ. ಧ್ವನಿಯ ವೇವ್ ಫೈಲೂ ಹಾಗೆಯೇ ಶುರುವಾಗುತ್ತದೆ. ಒಂಬತ್ತನೆಯ ಬೈಟಿನಿಂದ ಮುಂದಕ್ಕೆ ಓದಿದಾಗಲೇ ಒಂದು ಚಿತ್ರ, ಇನ್ನೊಂದು ಧ್ವನಿ ಎಂದು ತಿಳಿಯುವುದು. ಐಫೋನುಗಳಿಂದ ಬರುವ ಎಚ್‌ಇಐಸಿ ಚಿತ್ರದಲ್ಲಿ ಮೊದಲ ನಾಲ್ಕು ಬೈಟುಗಳು ಅಳತೆಗೆ ಮೀಸಲು. ಐದನೆಯದರಿಂದ ‘ಎಫ್‌ಟಿವೈಪಿ’ ಎಂಬ ಅಕ್ಷರಗಳು ಬರುತ್ತವೆ. ಅದೇ ಅಕ್ಷರಗಳು ಎಂಪಿ4 ವಿಡಿಯೋದಲ್ಲೂ ಇರುತ್ತವೆ. ವ್ಯತ್ಯಾಸ ತಿಳಿಯುವುದು ಅವುಗಳ ನಂತರದ ನಾಲ್ಕು ಅಕ್ಷರಗಳಲ್ಲಿ. ‘ತಲೆ’ ಎಂದರೆ ತೀರ ಮೊದಲ ಬೈಟೇ ಆಗಬೇಕೆಂದಿಲ್ಲ, ಮೇಲ್ಭಾಗ ಎಂದು ತಿಳಿದರಾಯಿತು ಎಂದು ಸಮಾಧಾನ ಮಾಡಿಕೊಂಡಿದ್ದೇನೆ. ಇದು ಸರಿಯೇ, ಎಳೆದಾಟವೇ ಎಂಬುದನ್ನು ತಾವು ಹೇಳಬೇಕು.

ಟಿಫ್ ಚಿತ್ರದ ತಲೆಗುರುತಿನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಅದು ಎರಡು ಬಗೆಯಲ್ಲಿ ಬರುತ್ತದೆ: ‘ಐಐ’ ಎಂದು ಶುರುವಾದರೆ ಮುಂದೆ 42, 0, ‘ಎಂಎಂ’ ಎಂದು ಶುರುವಾದರೆ 0, 42. ಸಂಖ್ಯೆ ಒಂದೇ, ಬರೆಯುವ ದಿಕ್ಕು ಬೇರೆ. ಇಂಟೆಲ್ ಪದ್ಧತಿಯಲ್ಲಿ ಕಿರಿಯ ಸ್ಥಾನ ಮೊದಲು, ಮೊಟೊರೊಲಾ ಪದ್ಧತಿಯಲ್ಲಿ ಹಿರಿಯ ಸ್ಥಾನ ಮೊದಲು. ಇದನ್ನು ವಕೀಲರಿಗೆ ಹೇಗೆ ತಿಳಿಸಲಿ ಎಂದು ಯೋಚಿಸುತ್ತಿದ್ದಾಗ ನೆನಪಾದದ್ದು ‘ಅಂಕಾನಾಂ ವಾಮತೋ ಗತಿಃ’, ಅಂದರೆ ಅಂಕಿಗಳು ಎಡಕ್ಕೆ ಸಾಗುತ್ತವೆ, ಎಂಬ ಹಳೆಯ ನಿಯಮ. ಶಾಸನಗಳಲ್ಲಿ ಭೂತಸಂಖ್ಯೆಯಿಂದ, ಎಂದರೆ ಅಂಕಿಗಳ ಬದಲು ಪದಗಳಿಂದ, ಶಕವರ್ಷ ಹೇಳುವಾಗ ಬಿಡಿಸ್ಥಾನ ಮೊದಲು ಬರುತ್ತದೆ, ಓದುವವನು ತಿರುಗಿಸಿಕೊಳ್ಳಬೇಕು. ‘ಐಐ’ ಟಿಫ್ ಮಾಡುವುದೂ ಇದನ್ನೇ. ‘ಕಿರಿಯ ಮೊದಲು’, ‘ಹಿರಿಯ ಮೊದಲು’ ಎಂದು ಬರೆದಿದ್ದೇನೆ. ಇವಕ್ಕೆ ಯಾರ ತಕರಾರೂ ಬರಲಿಕ್ಕಿಲ್ಲ.

ಮುಂದಿನದು ‘ಎಕ್ಸ್‌ಟೆನ್ಷನ್’. ಹೆಸರಿನ ಕೊನೆಯಲ್ಲಿ ಚುಕ್ಕಿ ಇಟ್ಟು ಬರೆಯುವ ಮೂರು ನಾಲ್ಕು ಅಕ್ಷರಗಳು. ‘ವಿಸ್ತರಣೆ’ ಎಂಬ ಅನುವಾದ ಅಲ್ಲಲ್ಲಿ ಕಾಣುತ್ತದೆ, ಆದರೆ ಅದು ನನಗೆ ಒಗ್ಗುವುದಿಲ್ಲ. ವಿಸ್ತರಣೆ ಎಂದರೆ ನಮ್ಮವರಿಗೆ ಅವಧಿ ವಿಸ್ತರಣೆ, ಸಂಪುಟ ವಿಸ್ತರಣೆ, ಕೃಷಿ ವಿಸ್ತರಣೆ. ಇಲ್ಲಿ ಏನೂ ವಿಸ್ತರಿಸಿಲ್ಲ. ವ್ಯಾಕರಣದ ‘ಪ್ರತ್ಯಯ’ ಅರ್ಥಕ್ಕೆ ಸರಿಹೊಂದುತ್ತದೆ, ಮೇಷ್ಟರುಗಳಿಗೆ ಖುಷಿಯೂ ಆಗುತ್ತದೆ. ಆದರೆ ಪ್ರತ್ಯಯ ಬದಲಾದರೆ ಪದದ ಅರ್ಥವೂ ಬದಲಾಗುತ್ತದೆ, ಫೈಲಿನಲ್ಲಿ ಒಳಗಿನದು ಬದಲಾಗುವುದಿಲ್ಲ. ನಾನು ‘ಹೆಸರಿನ ಬಾಲ’ ಎಂದು ಬರೆದು, ಮೊದಲ ಬಾರಿಗೆ ಬರುವಲ್ಲಿ ‘ಎಕ್ಸ್‌ಟೆನ್ಷನ್’ ಎಂದೂ ಸೇರಿಸಿದ್ದೇನೆ. ಒಬ್ಬರು ‘ಬಾಲಂಗೋಚಿ’ ಆಗಲಿ ಎಂದರು. ಗಾಳಿಪಟದ ಬಾಲಂಗೋಚಿಯಂತೆ ಅಂಟಿಸಬಹುದು, ಕಿತ್ತು ಬೇರೆ ಕಟ್ಟಬಹುದು ಎಂಬ ಅರ್ಥ ಸೊಗಸಾಗಿ ಬರುತ್ತದೆ, ಆದರೆ ತಜ್ಞರ ವರದಿಯಲ್ಲಿ ಆ ಪದ ಹಾಸ್ಯದಂತೆ ಕೇಳಿಸೀತೆಂಬ ಅಳುಕು.

ಬಾಲಕ್ಕೂ ತಲೆಗುರುತಿಗೂ ಇರುವ ವ್ಯತ್ಯಾಸಕ್ಕೆ ಅಡಿಕೆ ಮಂಡಿಗಿಂತ ಒಳ್ಳೆಯ ಉದಾಹರಣೆ ನಮ್ಮ ಕಡೆ ಸಿಗುವುದಿಲ್ಲ. ಚೀಲದ ಮೇಲೆ ಅಡಿಕೆಯ ಬಗೆ ‘ಸರಕು’ ಎಂದು ಬರೆದಿರಬಹುದು, ‘ಬೆಟ್ಟೆ’ ಎಂದು ಬರೆದಿರಬಹುದು. ಕೊಳ್ಳುವವನು ಬರಹ ನೋಡಿ ದರ ಹೇಳುವುದಿಲ್ಲ. ಚೀಲಕ್ಕೆ ಕೈ ಹಾಕಿ ಒಂದು ಮುಷ್ಟಿ ಹೊರತೆಗೆದು, ಒಂದನ್ನು ಅಡಕತ್ತರಿಯಲ್ಲಿ ಇಬ್ಭಾಗ ಮಾಡಿ ಒಳಗಿನ ಬಣ್ಣ ನೋಡುತ್ತಾನೆ. ರಾಶಿ ಇಡಿ ಎಂಬ ಬಗೆಯ ಹೆಸರು ಹೊತ್ತ ಚೀಲದಲ್ಲಿ ಕಡಿಮೆ ದರ್ಜೆಯ ಗೊರಬಲು ಇದ್ದರೆ ಅಲ್ಲೇ ಗೊತ್ತಾಗುತ್ತದೆ. ಚೀಲದ ಮೇಲಿನ ಬರಹ ಬಾಲ, ಒಳಗಿನ ಅಡಿಕೆ ತಲೆಗುರುತು. ಎರಡೂ ಹೊಂದದಿದ್ದಾಗ ಪರೀಕ್ಷಕರ ತಂತ್ರಾಂಶ ಅದನ್ನು ಪ್ರತ್ಯೇಕವಾಗಿ ಪಟ್ಟಿ ಮಾಡುತ್ತದೆ. ಆ ಪಟ್ಟಿಯ ತಲೆಬರಹವನ್ನು ‘ಬಾಲ–ತಲೆ ಹೊಂದದ ಫೈಲುಗಳು’ ಎಂದು ಕೊಟ್ಟಿದ್ದೇನೆ. ಹೊಂದದಿರುವುದೆಲ್ಲ ಕಳ್ಳತನವಲ್ಲ ಎಂಬುದನ್ನೂ ಕೈಪಿಡಿ ಹೇಳುತ್ತದೆ. ಮೊಬೈಲಿನ ಆ್ಯಪುಗಳು ತಮ್ಮ ಅನುಕೂಲಕ್ಕಾಗಿ ಚಿತ್ರಗಳನ್ನು ಬಾಲವಿಲ್ಲದೆಯೂ ಕೂಡಿಡುವುದುಂಟು.

ಈ ಪತ್ರ ಬರೆಯಲು ‘ಸಹಿ’ಯಷ್ಟೇ ಕಾರಣವಾದ ಇನ್ನೊಂದು ಪದ ‘ಕಾರ್ವಿಂಗ್’. ಅಳಿಸಿದ ಫೈಲು ಹಾರ್ಡ್ ಡಿಸ್ಕಿನ ತಟ್ಟೆಯಿಂದ ಕೂಡಲೇ ಹೋಗುವುದಿಲ್ಲ. ಅದರ ಜಾಗ ಖಾಲಿ ಎಂದು ಸೂಚಿಯಲ್ಲಿ ಗುರುತಾಗಿರುತ್ತದೆ ಅಷ್ಟೆ, ಬೇರೆ ಬರಹ ಅಲ್ಲಿ ಬೀಳುವವರೆಗೂ ಹಳೆಯ ಬೈಟುಗಳು ಇದ್ದಲ್ಲೇ ಇರುತ್ತವೆ. ಹಳೆಯ ಹಾರ್ಡ್ ಡಿಸ್ಕುಗಳಿಗೆ ಸಲ್ಲುವ ಈ ಮಾತು ಹೊಸ ಎಸ್‌ಎಸ್‌ಡಿಗಳಿಗೆ ಅಷ್ಟಾಗಿ ಸಲ್ಲುವುದಿಲ್ಲ, ಅವು ಖಾಲಿಯಾದ ಜಾಗವನ್ನು ತಾವಾಗಿಯೇ ಒರೆಸಿಡುತ್ತವೆ. ಹೀಗೆ ಹೆಸರೂ ವಿಳಾಸವೂ ಇಲ್ಲದೆ ಬಿದ್ದಿರುವ ಬೈಟುಗಳ ನಡುವೆ ತಲೆಗುರುತನ್ನು ಹುಡುಕಿ, ಅಲ್ಲಿಂದ ಕೊನೆಗುರುತಿನವರೆಗಿನದನ್ನು ಒಂದು ಫೈಲಾಗಿ ಹೊರತೆಗೆಯುವುದೇ ಕಾರ್ವಿಂಗ್. ನಾನು ಓದಿದ ಒಂದು ಟಿಪ್ಪಣಿಯಲ್ಲಿ ಇದನ್ನು ‘ಕಡತ ಕೆತ್ತನೆ’ ಎಂದು ಮಾಡಿದ್ದರು. ಸಾಗರ, ಸೊರಬದ ಗುಡಿಗಾರರು ಗಂಧದ ಕೊರಡಿನಲ್ಲಿ ಗಣಪತಿಯನ್ನು ಕೆತ್ತುವುದನ್ನು ಕಂಡ ಊರಿನಲ್ಲಿ ‘ತಜ್ಞರು ಈ ಚಿತ್ರವನ್ನು ಕೆತ್ತಿದ್ದಾರೆ’ ಎಂದು ಬರೆದರೆ ಏನರ್ಥ? ಇಲ್ಲದ ಚಿತ್ರವನ್ನು ತಜ್ಞರೇ ತಯಾರಿಸಿದ್ದಾರೆ ಎಂದು! ಆರೋಪಿ ಪರ ವಕೀಲರಿಗೆ ಇದಕ್ಕಿಂತ ಒಳ್ಳೆಯ ಉಡುಗೊರೆ ಬೇರೆ ಬೇಡ.

ಇದಕ್ಕೆ ನನ್ನ ಸಲಹೆ ‘ಹೆಕ್ಕುವುದು’. ಮರದಡಿ ಉದುರಿದ ಅಡಿಕೆಯನ್ನು ತರಗೆಲೆ ಸರಿಸಿ ಹೆಕ್ಕುತ್ತೇವೆ. ಉದುರಿದ್ದು ಯಾವ ಗೊನೆಯದೆಂದು ಹೇಳಲಾಗದು, ಆದರೂ ಅಡಿಕೆಯೆಂಬುದು ಖಂಡಿತ. ಅಳಿಸಿಹೋದ ಚಿತ್ರದ ಸ್ಥಿತಿಯೂ ಹಾಗೆಯೇ: ಯಾವ ಫೋಲ್ಡರಿನಲ್ಲಿತ್ತು, ಹೆಸರೇನಿತ್ತು ಎಂದು ತಿಳಿಯದು; ಚಿತ್ರ ಮಾತ್ರ ಕೈಗೆ ಸಿಗುತ್ತದೆ. ಹೆಕ್ಕುವವನು ಇದ್ದುದನ್ನು ಎತ್ತಿಕೊಳ್ಳುತ್ತಾನೆ, ಹೊಸತನ್ನು ಮಾಡುವುದಿಲ್ಲ. ಬಯಲುಸೀಮೆಯ ಗೆಳೆಯರಿಗೆ ಈ ಕ್ರಿಯಾಪದ ಅಷ್ಟು ಬಳಕೆಯದಲ್ಲವೇನೋ. ಅವರಿಗೆ ‘ಆಯ್ದು ತೆಗೆಯುವುದು’ ಸುಲಭವಾಗಬಹುದು. ಆದರೆ ಆಯುವುದರಲ್ಲಿ ಇಷ್ಟಬಂದದ್ದನ್ನು ಆರಿಸಿಕೊಂಡ ಭಾವ ಇಣುಕುತ್ತದೆ.

ಹೆಕ್ಕುವುದರಲ್ಲಿ ಒಂದು ತೊಡಕಿದೆ. ಅದನ್ನು ವಿವರಿಸುವಾಗ ‘ಕೊನೆಗುರುತು’ ಎಂಬ ಪದವೂ ಪರೀಕ್ಷೆಗೊಳಗಾಯಿತು. ಮೊಬೈಲಿನ ಜೆಪೆಗ್ ಚಿತ್ರದೊಳಗೆ, ಎಕ್ಸಿಫ್ ವಿವರಗಳ (ಚಿತ್ರ ಯಾವಾಗ, ಯಾವ ಕ್ಯಾಮೆರಾದಲ್ಲಿ ತೆಗೆದದ್ದು ಎಂಬಂಥವು) ಜೊತೆಗೆ, ಅದೇ ಚಿತ್ರದ ಒಂದು ಪುಟ್ಟ ಪ್ರತಿ ಇರುತ್ತದೆ. ಬಹುಪಾಲು 160×120 ಅಳತೆಯದು. ಆ ಮರಿ ಚಿತ್ರವೂ ಜೆಪೆಗ್ಗೇ ಆದ್ದರಿಂದ ಅದಕ್ಕೆ ತನ್ನದೇ ತಲೆಗುರುತು, ತನ್ನದೇ ಕೊನೆಗುರುತು. ಮೊದಲು ಸಿಕ್ಕ 255, 217ನ್ನೇ ಕೊನೆಯೆಂದು ನಂಬಿ ಕತ್ತರಿಸಿದರೆ ದೊಡ್ಡ ಚಿತ್ರ ಕೈತಪ್ಪಿ ಅರ್ಧಂಬರ್ಧ ತುಣುಕು ಉಳಿಯುತ್ತದೆ. ಆದ್ದರಿಂದ ‘ಕೊನೆ’ ಎಂದರೆ ಯಾವುದರ ಕೊನೆ ಎಂದು ಪ್ರತಿ ಸಲ ಹೇಳಬೇಕಾಗುತ್ತದೆ. ಬಿಎಂಪಿಗಂತೂ ಕೊನೆಗುರುತೇ ಇಲ್ಲ; ತಲೆಯಲ್ಲೇ, ಮೂರನೆಯ ಬೈಟಿನಿಂದ ನಾಲ್ಕು ಬೈಟುಗಳಲ್ಲಿ, ಫೈಲಿನ ಉದ್ದ ಬರೆದಿರುತ್ತದೆ, ಅಷ್ಟನ್ನು ಅಳೆದು ತೆಗೆಯಬೇಕು. ಈ ಮರಿ ಚಿತ್ರಕ್ಕೆ ಇಂಗ್ಲಿಷಿನಲ್ಲಿ ಹೆಬ್ಬೆರಳಿನ ಉಗುರು ಎಂಬರ್ಥದ ಪದವಿದೆ; ಅದನ್ನು ಕನ್ನಡಿಸಲು ಹೋಗದೆ ‘ಮರಿಚಿತ್ರ’ ಎಂದೇ ಬರೆದೆ. ಬಾಳೆಯ ಬುಡದ ಮರಿಯಂತೆ ಅದೂ ದೊಡ್ಡದರೊಳಗಿನಿಂದಲೇ ಬಂದದ್ದು. ಕೆಲವು ತಂತ್ರಾಂಶಗಳಲ್ಲಿ ದೊಡ್ಡ ಚಿತ್ರದ ಅಂಚು ಕತ್ತರಿಸಿದರೂ ಮರಿಚಿತ್ರ ಹಿಂದಿನಂತೆಯೇ ಉಳಿಯುತ್ತದೆ. ಕತ್ತರಿಸಿ ಹಾಕಿದ ಅಂಚಿನಲ್ಲಿ ನಿಂತಿದ್ದವನ ಮುಖ ಪರೀಕ್ಷಕರಿಗೆ ಸಿಗುವುದು ಹೀಗೆ.

ಉಳಿದ ಪದಗಳ ವಿಷಯದಲ್ಲಿ ನನಗೆ ಅಷ್ಟು ಗೊಂದಲವಿಲ್ಲ. ‘ಮ್ಯಾಜಿಕ್ ನಂಬರ್’ ಎಂಬುದು ಯೂನಿಕ್ಸ್ ಕಾಲದಿಂದ ತಲೆಗುರುತಿಗೇ ಇರುವ ಇನ್ನೊಂದು ಹೆಸರು. ‘ಮಾಂತ್ರಿಕ ಸಂಖ್ಯೆ’ ಎಂದರೆ ಕೋರ್ಟಿನಲ್ಲಿ ಮಾಟಮಂತ್ರದ ವಾಸನೆ ಬರುತ್ತದೆ, ಆದ್ದರಿಂದ ಬಿಟ್ಟಿದ್ದೇನೆ. ‘ಫಾರ್ಮ್ಯಾಟ್’ಗೆ ‘ನಮೂನೆ’ ಬೇಡ. ಬಗರ್‌ಹುಕುಂ ಅರ್ಜಿಯ ನಮೂನೆ 50, 53, 57 ಹಿಡಿದು ತಾಲ್ಲೂಕು ಕಚೇರಿ ಸುತ್ತಿದ ನಾಡಿನಲ್ಲಿ ನಮೂನೆ ಎಂದರೆ ತುಂಬಿಕೊಡಬೇಕಾದ ಕಾಗದ. ‘ಬಗೆ’ ಸಾಕು. ಫೈಲಿನ ಬೈಟುಗಳಿಂದ ಲೆಕ್ಕ ಹಾಕಿ ಪಡೆಯುವ ಗುರುತಿನ ಸಂಖ್ಯೆಯಾದ ‘ಹ್ಯಾಶ್’ ಹಾಗೆಯೇ ಇರಲಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರದಲ್ಲೇ ಹ್ಯಾಶ್ ಬರೆಯಲು ಜಾಗವಿರುವುದರಿಂದ ವಕೀಲರ ಬಾಯಲ್ಲಿ ಅದು ಆಗಲೇ ಕೂತಿದೆ.

‘ಫೈಲ್’ಗೆ ‘ಕಡತ’ ಎನ್ನಬೇಕೇ ಎಂಬುದು ಹಳೆಯ ಚರ್ಚೆ. ನಾನು ಕೈಪಿಡಿಯ ಉದ್ದಕ್ಕೂ ‘ಫೈಲ್’ ಎಂದೇ ಇಟ್ಟಿದ್ದೇನೆ, ಏಕೆಂದರೆ ಕಚೇರಿಯವರಿಗೆ ಕಡತವೆಂದರೆ ಕೆಂಪು ದಾರ ಕಟ್ಟಿದ ಕಾಗದದ ಕಟ್ಟು. ಆದರೆ ಒಂದು ಆಸೆ ಉಳಿದಿದೆ. ಶೃಂಗೇರಿ ಮಠದಲ್ಲಿ ಉಳಿದುಬಂದಿರುವಂಥ ಹಳೆಯ ಕಡತಗಳು ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಾಡಿ, ಬಳಪದಿಂದ ಬರೆದವು. ಬರೆದದ್ದನ್ನು ಒರೆಸಿ ಅದೇ ಜಾಗದಲ್ಲಿ ಮತ್ತೆ ಬರೆಯಬಹುದಿತ್ತು. ಹಾರ್ಡ್ ಡಿಸ್ಕಿಗೆ ಇದಕ್ಕಿಂತ ಹತ್ತಿರದ ನಂಟ ಇನ್ನೊಬ್ಬನಿಲ್ಲ. ಪದ ಮೂಲದಲ್ಲಿ ಅಷ್ಟು ಸರಿಯಾಗಿದ್ದೂ ಇಂದಿನ ಬಳಕೆಯಲ್ಲಿ ತಪ್ಪು ದಾರಿಗೆ ಎಳೆಯುವುದು ಬೇಸರದ ಸಂಗತಿ.

ಕೊನೆಗೆ ಒಂದು ಕ್ರಿಯಾಪದದ ಪ್ರಶ್ನೆ. ಇಂಗ್ಲಿಷ್ ಕರಡಿನಲ್ಲಿ ಪರೀಕ್ಷಕರು ಫೈಲಿನ ಬಗೆಯನ್ನು ‘ಐಡೆಂಟಿಫೈ’ ಮಾಡುತ್ತಾರೆ. ಇದಕ್ಕೆ ‘ಗುರುತಿಸಲಾಗಿದೆ’ ಎಂದರೆ ಸಾಕೇ, ‘ಖಚಿತಪಡಿಸಲಾಗಿದೆ’ ಎನ್ನಬೇಕೇ? ನನ್ನ ಅನಿಸಿಕೆಯಲ್ಲಿ ತಲೆಗುರುತನ್ನಷ್ಟೇ ನೋಡಿದಲ್ಲಿ ‘ಗುರುತಿಸಲಾಗಿದೆ’ ಎಂದೂ, ತಲೆಯಿಂದ ಕೊನೆಯವರೆಗೆ ಒಳರಚನೆಯನ್ನು ಓದಿ ಚಿತ್ರವನ್ನು ತೆರೆದು ನೋಡಿದಲ್ಲಿ ಮಾತ್ರ ‘ಖಚಿತಪಡಿಸಲಾಗಿದೆ’ ಎಂದೂ ಬರೆಯಬೇಕು. ಇಂಗ್ಲಿಷ್ ಮೂಲ ಎರಡಕ್ಕೂ ಒಂದೇ ಪದ ಬಳಸುತ್ತದೆ. ಕನ್ನಡ ಬೇರ್ಪಡಿಸಿದರೆ ಅನುವಾದಕ ಮೂಲವನ್ನು ಮೀರಿದಂತಾಗುವುದೇ?

ತಮ್ಮಲ್ಲಿ ಕಾನೂನು ಕನ್ನಡ ಬಲ್ಲವರು, ಶಾಸನ ಓದಿದವರು, ಕಂಪ್ಯೂಟರಿನ ಒಳಹೊರಗು ತಿಳಿದವರು ಮೂರು ಬಗೆಯವರೂ ಇದ್ದೀರಿ. ‘ತಲೆಗುರುತು’ ಎಂಬ ಪದ ಬೇರೆ ಯಾವುದಾದರೂ ಅರ್ಥದಲ್ಲಿ ತಮ್ಮ ಕಡೆ ಬಳಕೆಯಲ್ಲಿದೆಯೇ? ‘ಹೆಕ್ಕು’ ಎಂಬುದು ಮೈಸೂರು, ಧಾರವಾಡ, ಕಲಬುರಗಿಯ ಕಿವಿಗೆ ಹೇಗೆ ಕೇಳಿಸುತ್ತದೆ? ‘ಅಂಕಿತ’ವನ್ನು ಉಳಿಸಿಕೊಳ್ಳುವ ದಾರಿ ಯಾರಿಗಾದರೂ ಹೊಳೆದರೆ ದಯವಿಟ್ಟು ತಿಳಿಸಿ. ಕರಡು ಮುಂದಿನ ತಿಂಗಳ ಮೊದಲ ವಾರ ಅಚ್ಚಿಗೆ ಹೋಗುತ್ತದೆ. ಅಲ್ಲಿಯವರೆಗೆ ‘ಸಹಿ’ ಇದ್ದ ಕಡೆಯೆಲ್ಲ ಗೀಟು ಎಳೆದು, ಮೇಲೆ ‘ತಲೆಗುರುತು’ ಎಂದು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ.